ಹಾಡು ಕದ್ದರೆ ಯಾರಿಗೆ ನಷ್ಟ?

(ಸಂಘದ ವಾರ್ಷಿಕ ಮಹಾಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ತಿಂಗಳ ಹಿಂದೆ ನಮ್ಮ ಕಂಪ್ಯೂಟರ್ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ನನ್ನ ಬಳಿ ಬಂದು ಕೇಳಿದ. "ಸರ್, ನಾನು ಒಬ್ಬರ ಸೈಕಲ್ ತೆಗೆದುಕೊಂಡು ಹೋದರೆ ಅವರಿಗೆ ಸೈಕಲ್ ಇರುವುದಿಲ್ಲ. ಅದು ಕಳ್ಳತನ. ಆದರೆ ಒಂದು ಹಾಡನ್ನು ಕಾಪಿ ಮಾಡಿದರೆ ಹಾಡು ಅವರ ಹತ್ತಿರವೂ ಇರುತ್ತದೆ, ನನ್ನ ಹತ್ತಿರವೂ ಇರುತ್ತದೆ. ಇದರಲ್ಲಿ ಯಾರಿಗೆ ಏನು ನಷ್ಟ?" ಹುಡುಗ ತರ್ಕ ಮಾಡುವುದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಓದಿ ಹೇಳುತ್ತೇನೆ ಎಂದೆ. ಆ ಉತ್ತರವನ್ನು ಅವನೊಬ್ಬನಿಗೆ ಹೇಳುವ ಬದಲು ನಿಮ್ಮೆಲ್ಲರ ಮುಂದಿಡಲು ಸಂಘದವರು ಈ ದಿನ ಅವಕಾಶ ಮಾಡಿಕೊಟ್ಟಿದ್ದಾರೆ.

ಆರಂಭದಲ್ಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಸಂಗೀತ ಕೇಳಬಹುದೇ, ಎಂತಹದ್ದನ್ನು ಕೇಳಬಹುದು ಎಂಬ ವಿಚಾರದಲ್ಲಿ ವಿದ್ವಾಂಸರ ನಡುವೆ ಚರ್ಚೆಯಿದೆ. ಅದಕ್ಕೆ ಉತ್ತರಿಸಬೇಕಾದವರು ಉಸ್ತಾದರು, ನಾನಲ್ಲ. ನಾನು ಮಾತನಾಡುತ್ತಿರುವುದು ಇನ್ನೊಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ ಉಪಯೋಗಿಸಿಕೊಳ್ಳುವುದರ ಬಗ್ಗೆ. ಆ ದುಡಿಮೆ ಹಾಡಾಗಿರಬಹುದು, ಪುಸ್ತಕವಾಗಿರಬಹುದು, ಸಾಫ್ಟ್‌ವೇರ್ ಆಗಿರಬಹುದು. ಹಾಡಿನ ಉದಾಹರಣೆಯನ್ನೇ ಏಕೆ ಆರಿಸಿಕೊಂಡೆನೆಂದರೆ, ಇಂಟರ್ನೆಟ್ ಬಂದ ಮೇಲೆ ಮೊಟ್ಟಮೊದಲು ಪೆಟ್ಟು ತಿಂದ ಉದ್ದಿಮೆ ಅದು. ಅಲ್ಲಿ ನಡೆದದ್ದೇ ಆಮೇಲೆ ಸಿನಿಮಾ, ಪುಸ್ತಕ, ಪತ್ರಿಕೆಗಳಲ್ಲೂ ನಡೆಯಿತು.

ಕ್ಯಾಸೆಟ್ಟಿನ ಕಾಲ

ನಕಲು ಮಾಡುವುದು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಮನೆಯಲ್ಲಿ ಕುಳಿತು ತಟ್ಟೆ ಒತ್ತಿಸಲು ಸಾಧ್ಯವಿರಲಿಲ್ಲ, ಅದಕ್ಕೆ ಕಾರ್ಖಾನೆಯೇ ಬೇಕಿತ್ತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಪರಿಸ್ಥಿತಿ ಬದಲಾಯಿತು. ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಬಟ್ಟೆಯ ಜೊತೆ ಒಂದು ಟೇಪ್ ರೆಕಾರ್ಡರ್ ಇರಲೇಬೇಕಿತ್ತು. ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್ ಇದ್ದ ಮನೆಗಂತೂ ನೆರೆಕರೆಯವರೆಲ್ಲ ಖಾಲಿ ಕ್ಯಾಸೆಟ್ ಹಿಡಿದುಕೊಂಡು ಬರುತ್ತಿದ್ದರು.

ಎಂಬತ್ತರ ದಶಕದಲ್ಲಿ ಭಾರತದಾದ್ಯಂತ ಕ್ಯಾಸೆಟ್ ವ್ಯಾಪಾರ ಬೆಳೆಯಿತು. ಅದುವರೆಗೆ ದೊಡ್ಡ ಕಂಪೆನಿಗಳು ತಿರುಗಿಯೂ ನೋಡದ ಸಣ್ಣ ಭಾಷೆಗಳ ಹಾಡುಗಳು, ಭಕ್ತಿಗೀತೆಗಳು, ಕವ್ವಾಲಿಗಳು, ಮಾಪಿಳ್ಳೆ ಹಾಡುಗಳು, ಧಾರ್ಮಿಕ ಪ್ರವಚನಗಳು ಜನರ ಕೈಗೆ ಸಿಕ್ಕಿದವು. ಅದರ ಜೊತೆಗೇ ನಕಲಿ ಕ್ಯಾಸೆಟ್ಟೂ ಬಂತು. ಎಷ್ಟೋ ಕಡೆ ಅಸಲಿಗಿಂತ ನಕಲಿಯೇ ಸುಲಭವಾಗಿ ಸಿಗುತ್ತಿತ್ತು. ಇದನ್ನು ತಡೆಯಲು 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು, ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಎಂದು ಶಿಕ್ಷೆಯನ್ನು ಬಿಗಿಗೊಳಿಸಲಾಯಿತು.

ಆದರೆ ಕ್ಯಾಸೆಟ್ಟಿಗೆ ತನ್ನದೇ ಒಂದು ಮಿತಿಯಿತ್ತು. ನಕಲಿನಿಂದ ನಕಲು ತೆಗೆದಂತೆ ಸ್ವರ ಮಂಕಾಗುತ್ತಿತ್ತು, ಬುಸ್ ಎಂಬ ಸದ್ದು ಹೆಚ್ಚುತ್ತಿತ್ತು. ಅರವತ್ತು ನಿಮಿಷದ ಕ್ಯಾಸೆಟ್ ನಕಲು ಮಾಡಲು ಮನೆಯ ಯಂತ್ರದಲ್ಲಿ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕಿತ್ತು. ಈ ಎರಡು ಅಡೆತಡೆಗಳೇ ಉದ್ದಿಮೆಯನ್ನು ಕಾಯುತ್ತಿದ್ದ ಬೇಲಿ. ಕಂಪ್ಯೂಟರ್ ಆ ಬೇಲಿಯನ್ನು ಕಿತ್ತು ಹಾಕಿತು.

ಎಂಪಿ3 ಎಂದರೇನು?

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳು ಸೇರಿ ರೂಪಿಸಿದ ಸಿ.ಡಿ. ಮಾರುಕಟ್ಟೆಗೆ ಬಂತು. ಸಿ.ಡಿ.ಯಲ್ಲಿ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಧ್ವನಿಯನ್ನು ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಳತೆಗಳನ್ನು ಬರೆದಿಡುತ್ತಾರೆ. ಅಂಕಿಗಳನ್ನು ನಕಲು ಮಾಡಿದರೆ ಮಂಕಾಗುವುದಿಲ್ಲ. ನಿಮ್ಮ ಅಂಕಪಟ್ಟಿಯನ್ನು ನೂರು ಸಲ ಬರೆದುಕೊಂಡರೂ 78 ಎಂಬುದು 78ಆಗಿಯೇ ಉಳಿಯುವಂತೆ. ಆದರೂ ಆಗ ಯಾರೂ ಹೆದರಲಿಲ್ಲ. ನಾಲ್ಕು ನಿಮಿಷದ ಒಂದು ಹಾಡಿಗೆ ಸುಮಾರು 40 ಮೆಗಾಬೈಟ್ ಜಾಗ ಬೇಕಿತ್ತು. ಅಷ್ಟನ್ನು ಇಟ್ಟುಕೊಳ್ಳುವ ಕಂಪ್ಯೂಟರ್ ಮನೆಗಳಲ್ಲಿ ಇರಲಿಲ್ಲ. ಸಿ.ಡಿ.ಗೆ ಯಾವ ಬೀಗವನ್ನೂ ಹಾಕದೆ ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಅವರ ಸಂಗಡಿಗರು ಈ ಜಾಗದ ಸಮಸ್ಯೆಯ ಮೇಲೆ ಕೆಲಸ ಮಾಡುತ್ತಿದ್ದರು. ಅವರು ಮನುಷ್ಯನ ಕಿವಿಯ ಸ್ವಭಾವವನ್ನೇ ಆಧಾರ ಮಾಡಿಕೊಂಡರು. ಮದುವೆ ಮನೆಯಲ್ಲಿ ದಫ್ ಬಾರಿಸುತ್ತಿರುವಾಗ ನಿಮ್ಮ ಕೈಗಡಿಯಾರದ ಟಿಕ್ ಟಿಕ್ ಕೇಳಿಸುವುದಿಲ್ಲ ತಾನೇ? ಸದ್ದು ಇದೆ, ಆದರೆ ದೊಡ್ಡ ಸದ್ದು ಅದನ್ನು ಮುಚ್ಚಿಹಾಕಿದೆ. ಹಾಗೆ ಹಾಡಿನೊಳಗೆ ಹೇಗೂ ಕಿವಿಗೆ ಬೀಳದ ಭಾಗಗಳನ್ನು ಬಿಟ್ಟುಬಿಟ್ಟರೆ, ಹಾಡು ಮೊದಲಿನ ಹನ್ನೊಂದರಲ್ಲಿ ಒಂದು ಪಾಲು ಜಾಗಕ್ಕೆ ಇಳಿಯುತ್ತದೆ. 40 ಮೆಗಾಬೈಟ್ ಇದ್ದದ್ದು 4 ಮೆಗಾಬೈಟಿಗೆ ಬರುತ್ತದೆ. ಇದೇ ಎಂಪಿ3. 1992ರಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು, 1995ರಲ್ಲಿ ಈ ಹೆಸರು ಬಂತು.

ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ ಬರುತ್ತಿದ್ದ ಕಾಲದ ಒಂದು ಲೆಕ್ಕ ನೋಡಿ. 56 ಕಿಲೋಬಿಟ್ ವೇಗದ ಮೋಡೆಮ್ಮಿನಲ್ಲಿ ಸಿ.ಡಿ.ಯ ಒಂದು ಹಾಡು ಇಳಿಸಿಕೊಳ್ಳಲು ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಬೇಕು. ಎಂಪಿ3 ಆದರೆ ಹತ್ತು ನಿಮಿಷ. ಈ ವ್ಯತ್ಯಾಸದಲ್ಲೇ ಒಂದು ಉದ್ದಿಮೆಯ ಹಣೆಬರಹ ಬದಲಾಯಿತು. ಎಂಪಿ3 ಕಂಡುಹಿಡಿದವರು ಕಳ್ಳರಲ್ಲ. ಹಾಡು ಕದಿಯಲಿ ಎಂದು ಅವರು ಅದನ್ನು ಮಾಡಿರಲಿಲ್ಲ. ಚೂರಿ ಹಣ್ಣನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ.

ನ್ಯಾಪ್‌ಸ್ಟರ್ ಎಂಬ ಬಿರುಗಾಳಿ

1999ರ ಜೂನ್ ತಿಂಗಳಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಕಾಲೇಜಿಗೆ ಸೇರಿದ್ದ ಷಾನ್ ಫ್ಯಾನಿಂಗ್ ಎಂಬ ಯುವಕ ನ್ಯಾಪ್‌ಸ್ಟರ್ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದ. ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅನೇಕರ ವಯಸ್ಸು.

ಅದರ ಕೆಲಸ ಹೇಗಿತ್ತೆಂದರೆ, ಒಂದು ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಅದರಲ್ಲಿ ಒಂದು ಪುಸ್ತಕವೂ ಇಲ್ಲ. ಊರಿನ ಯಾವ ಮನೆಯಲ್ಲಿ ಯಾವ ಪುಸ್ತಕವಿದೆ ಎಂದು ಬರೆದಿಟ್ಟ ಒಂದು ರಿಜಿಸ್ಟರ್ ಮಾತ್ರ ಇದೆ. ನೀವು ಹೋಗಿ ಕೇಳಿದರೆ, ಇಂಥವರ ಮನೆಯಲ್ಲಿದೆ ಎನ್ನುತ್ತಾರೆ. ನೀವು ಅಲ್ಲಿಗೆ ಹೋಗಿ ನಕಲು ತೆಗೆದುಕೊಳ್ಳುತ್ತೀರಿ. ನ್ಯಾಪ್‌ಸ್ಟರ್ ಕಂಪೆನಿಯ ಕಂಪ್ಯೂಟರಿನಲ್ಲಿ ಹಾಡುಗಳಿರಲಿಲ್ಲ, ಪಟ್ಟಿ ಇತ್ತು. ಹಾಡುಗಳು ಬಳಕೆದಾರರ ಕಂಪ್ಯೂಟರುಗಳಲ್ಲಿದ್ದವು. 2001ರ ಆರಂಭದ ಹೊತ್ತಿಗೆ ಅದನ್ನು ಉಪಯೋಗಿಸುವವರ ಸಂಖ್ಯೆ ಎರಡೂವರೆ ಕೋಟಿ ಮೀರಿತ್ತು.

1999ರ ಡಿಸೆಂಬರಿನಲ್ಲೇ ಅಮೆರಿಕದ ರೆಕಾರ್ಡಿಂಗ್ ಕಂಪೆನಿಗಳ ಸಂಘವಾದ ಆರ್‌ಐಎಎ ದಾವೆ ಹೂಡಿತು. 2000ದಲ್ಲಿ ಮೆಟಾಲಿಕಾ ಎಂಬ ಪ್ರಸಿದ್ಧ ಸಂಗೀತ ತಂಡವೂ ನ್ಯಾಯಾಲಯಕ್ಕೆ ಹೋಯಿತು. ಇನ್ನೂ ಬಿಡುಗಡೆಯೇ ಆಗದ ಅವರ ಒಂದು ಹಾಡು ರೇಡಿಯೋದಲ್ಲಿ ಬರತೊಡಗಿತ್ತು. ವಿಚಾರಿಸಿದಾಗ ಅದು ನ್ಯಾಪ್‌ಸ್ಟರಿನಲ್ಲಿ ಹರಿದಾಡುತ್ತಿತ್ತು. ತಮ್ಮ ಹಾಡುಗಳನ್ನು ಹಂಚುತ್ತಿದ್ದ ಮೂರು ಲಕ್ಷಕ್ಕೂ ಹೆಚ್ಚು ಮಂದಿಯ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಅವರು ಕಂಪೆನಿಗೆ ಒಪ್ಪಿಸಿದರು. 2001ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ನ್ಯಾಪ್‌ಸ್ಟರಿಗೆ ವಿರುದ್ಧವಾಗಿ ಬಂತು. ಜುಲೈಯಲ್ಲಿ ಅದು ನಿಂತುಹೋಯಿತು.

ಆದರೆ ನ್ಯಾಪ್‌ಸ್ಟರ್ ನಿಂತಿತೇ ಹೊರತು ನಕಲು ನಿಲ್ಲಲಿಲ್ಲ. ರಿಜಿಸ್ಟರ್ ಒಂದೇ ಕಡೆ ಇದ್ದದ್ದರಿಂದ ಅದನ್ನು ಮುಚ್ಚಿಸಲು ಸಾಧ್ಯವಾಯಿತು ಎಂಬ ಪಾಠವನ್ನು ನಂತರ ಬಂದವರು ಕಲಿತುಕೊಂಡರು. ಗ್ನುಟೆಲ್ಲಾ, ಕಜಾ, ಬಿಟ್‌ಟೊರೆಂಟ್ ಮೊದಲಾದವುಗಳಲ್ಲಿ ಪಟ್ಟಿಯೂ ಹಂಚಿಹೋಗಿತ್ತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ರಾಕ್‌ಸ್ಟರ್ ಮೊಕದ್ದಮೆಯಲ್ಲಿ, ಕೃತಿಸ್ವಾಮ್ಯ ಮುರಿಯಲು ಪ್ರೇರೇಪಿಸುವ ಉದ್ದೇಶದಿಂದ ತಂತ್ರಾಂಶ ಹಂಚುವವರು ಹೊಣೆಗಾರರು ಎಂದು ಸರ್ವಾನುಮತದಿಂದ ತೀರ್ಪು ಕೊಟ್ಟಿತು. ಸ್ವೀಡನ್ನಿನ ಪೈರೇಟ್ ಬೇ ನಡೆಸುತ್ತಿದ್ದವರಿಗೆ 2009ರಲ್ಲಿ ಅಲ್ಲಿನ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಒಂದನ್ನು ಮುಚ್ಚಿದರೆ ಎರಡು ತೆರೆಯುತ್ತಿದ್ದವು.

ಕಂಪೆನಿಗಳ ತಪ್ಪು

ವಿದ್ಯಾರ್ಥಿಗಳೇ, ಕಥೆಯ ಇನ್ನೊಂದು ಮುಖವನ್ನೂ ನೀವು ತಿಳಿದಿರಬೇಕು. ಕಂಪೆನಿಗಳ ಕೈಯೂ ಪೂರ್ತಿ ಶುದ್ಧವಾಗಿರಲಿಲ್ಲ. ಒಂದು ಹಾಡು ಬೇಕಾದವನು ಹನ್ನೆರಡು ಹಾಡುಗಳ ಸಿ.ಡಿ. ಕೊಳ್ಳಬೇಕಿತ್ತು. ಇಂಟರ್ನೆಟ್ಟಿನಲ್ಲಿ ಹಾಡನ್ನು ಸುಲಭ ಬೆಲೆಗೆ ಮಾರಬಹುದೆಂಬ ಯೋಚನೆಯನ್ನು ಅವು ವರ್ಷಗಟ್ಟಲೆ ಮುಂದಕ್ಕೆ ಹಾಕಿದವು. ಬದಲಿಗೆ 2003ರ ಸೆಪ್ಟೆಂಬರಿನಲ್ಲಿ ಆರ್‌ಐಎಎ ಸಾಮಾನ್ಯ ಜನರ ಮೇಲೆ, ಒಂದೇ ಸಲ 261 ಮಂದಿಯ ಮೇಲೆ ದಾವೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ ಹನ್ನೆರಡು ವರ್ಷದ ಒಬ್ಬ ಬಾಲಕಿಯೂ ಇದ್ದಳು. ಅವಳ ತಾಯಿ ಎರಡು ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಮಿನೆಸೋಟ ರಾಜ್ಯದ ಒಬ್ಬ ಮಹಿಳೆಗೆ 24 ಹಾಡುಗಳಿಗಾಗಿ 2007ರಲ್ಲಿ 2,22,000 ಡಾಲರ್ ಪರಿಹಾರ ಕೊಡುವಂತೆ ತೀರ್ಪಾಯಿತು. ಮರುವಿಚಾರಣೆಯಲ್ಲಿ ಆ ಮೊತ್ತ 19 ಲಕ್ಷ ಡಾಲರ್ ದಾಟಿತು, ಕೊನೆಗೆ 2012ರಲ್ಲಿ ಮೊದಲಿನ ಮೊತ್ತಕ್ಕೇ ಬಂದು ನಿಂತಿತು. 2008ರ ಕೊನೆಯಲ್ಲಿ ಈ ಧೋರಣೆಯನ್ನು ಕೈಬಿಡುವ ವೇಳೆಗೆ ಸುಮಾರು 35 ಸಾವಿರ ಮಂದಿಯ ಮೇಲೆ ಕ್ರಮ ಜರುಗಿಸಲಾಗಿತ್ತು. ನಕಲು ಅದರಿಂದ ಕಡಿಮೆಯಾಗಲಿಲ್ಲ, ಜನರ ಸಹಾನುಭೂತಿ ಮಾತ್ರ ಹೊರಟುಹೋಯಿತು.

2005ರಲ್ಲಿ ಸೋನಿ ಬಿಎಂಜಿ ಕಂಪೆನಿ ತನ್ನ ಕೆಲವು ಸಿ.ಡಿ.ಗಳಲ್ಲಿ ನಕಲು ತಡೆಯುವ ಒಂದು ತಂತ್ರಾಂಶವನ್ನು ಅಡಗಿಸಿಟ್ಟಿತ್ತು. ಹಣ ಕೊಟ್ಟು ಸಿ.ಡಿ. ಕೊಂಡು ಕಂಪ್ಯೂಟರಿಗೆ ಹಾಕಿದವನಿಗೆ ಗೊತ್ತಿಲ್ಲದಂತೆ ಅದು ಒಳಗೆ ಸೇರಿಕೊಂಡು, ವೈರಸ್‌ಗಳಿಗೆ ದಾರಿ ಮಾಡಿಕೊಡುತ್ತಿತ್ತು. ವಿಷಯ ಬಯಲಾದ ಮೇಲೆ ಕಂಪೆನಿ ಆ ಸಿ.ಡಿ.ಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಇಲ್ಲಿ ಶಿಕ್ಷೆ ಆದದ್ದು ಪ್ರಾಮಾಣಿಕವಾಗಿ ಕೊಂಡವನಿಗೆ!

ನಷ್ಟದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಧ್ವನಿಮುದ್ರಿತ ಸಂಗೀತದ ವ್ಯಾಪಾರ 1999ರಲ್ಲಿ ಸುಮಾರು 1,460 ಕೋಟಿ ಡಾಲರ್ ಇತ್ತು. 2014-15ರ ಹೊತ್ತಿಗೆ ಅದು 700 ಕೋಟಿಯ ಆಸುಪಾಸಿಗೆ, ಅಂದರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. 1960ರಲ್ಲಿ ಆರಂಭವಾಗಿದ್ದ ಟವರ್ ರೆಕಾರ್ಡ್ಸ್ ಎಂಬ ಪ್ರಸಿದ್ಧ ಮಳಿಗೆಗಳ ಸರಣಿ 2006ರಲ್ಲಿ ಅಮೆರಿಕದ ತನ್ನ ಅಂಗಡಿಗಳನ್ನೆಲ್ಲ ಮುಚ್ಚಿತು, ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಬ್ರಿಟನ್ನಿನ ಇಎಂಐ ಕಂಪೆನಿ ಸಾಲದಲ್ಲಿ ಮುಳುಗಿ, 2012ರಲ್ಲಿ ಹೋಳಾಗಿ ಮಾರಾಟವಾಯಿತು.

ಇದೆಲ್ಲಕ್ಕೂ ನಕಲೇ ಕಾರಣವೇ? ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಓಬರ್‌ಹೋಲ್ಜರ್ ಗೀ ಮತ್ತು ಸ್ಟ್ರಂಫ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೌನ್‌ಲೋಡ್ ಮಾಡುವುದರಿಂದ ಮಾರಾಟದ ಮೇಲೆ ಆಗುವ ಪರಿಣಾಮ ಹೆಚ್ಚು ಕಡಿಮೆ ಶೂನ್ಯ ಎಂದರು. ಸ್ಟಾನ್ ಲೀಬೋವಿಟ್ಜ್ ಮೊದಲಾದವರು ಇದನ್ನು ಬಲವಾಗಿ ವಿರೋಧಿಸಿ, ಕುಸಿತಕ್ಕೆ ನಕಲೇ ಮುಖ್ಯ ಕಾರಣ ಎಂದು ವಾದಿಸಿದರು. ಆಮೇಲೆ ನಡೆದ ಹೆಚ್ಚಿನ ಅಧ್ಯಯನಗಳು ನಕಲಿನಿಂದ ಹಾನಿಯಾಗಿದೆ ಎಂಬ ಕಡೆಗೇ ವಾಲುತ್ತವೆ. ಎಷ್ಟು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಉಚಿತವಾಗಿ ಇಳಿಸಿಕೊಂಡ ಪ್ರತಿಯೊಂದು ಹಾಡನ್ನೂ ಮಾರಾಟದಲ್ಲಾದ ನಷ್ಟ ಎಂದು ಲೆಕ್ಕ ಹಿಡಿಯುವುದು ಸರಿಯಲ್ಲ. ಉಚಿತವಾಗಿ ಸಿಗದಿದ್ದರೆ ಅದನ್ನು ಕೊಳ್ಳದೇ ಇರುತ್ತಿದ್ದವರೂ ಬಹಳ. ಇನ್ನೊಂದು ಕಾರಣವೂ ಇದೆ. 2003ರ ಏಪ್ರಿಲ್‌ನಲ್ಲಿ ಆಪಲ್ ಕಂಪೆನಿ ಐಟ್ಯೂನ್ಸ್ ಅಂಗಡಿಯನ್ನು ತೆರೆದು ಒಂದು ಹಾಡನ್ನು 99 ಸೆಂಟ್ಸಿಗೆ ಮಾರತೊಡಗಿತು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ನ್ಯಾಯವಾದ ಬೆಲೆಗೆ ಸುಲಭವಾಗಿ ಸಿಕ್ಕಿದರೆ ಜನರು ಹಣ ಕೊಡುತ್ತಾರೆ ಎಂಬುದು ಇದರಿಂದ ಸಾಬೀತಾಯಿತು. ಆದರೆ ಇಡೀ ಸಿ.ಡಿ. ಕೊಳ್ಳುತ್ತಿದ್ದವರು ಒಂದೆರಡು ಹಾಡು ಮಾತ್ರ ಕೊಂಡಾಗ ಆದಾಯ ಇಳಿಯುವುದು ಸಹಜ.

ನಮ್ಮ ದೇಶದ ಕಥೆ

ಭಾರತದಲ್ಲಿ ಇದೇ ಕಥೆ ಬೇರೆ ರೀತಿಯಲ್ಲಿ ನಡೆಯಿತು. ಇಲ್ಲಿ ಮನೆ ಮನೆಗೆ ಇಂಟರ್ನೆಟ್ ಬರುವ ಮೊದಲೇ ಎಂಪಿ3 ಬಂತು. ನೂರು, ನೂರೈವತ್ತು ಹಾಡುಗಳನ್ನು ತುಂಬಿದ ಸಿ.ಡಿ.ಗಳು ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಹಿಡಿದು ನಮ್ಮ ಬಸ್‌ಸ್ಟ್ಯಾಂಡುಗಳವರೆಗೆ ಫುಟ್‌ಪಾತಿನಲ್ಲಿ ಸಿಗುತ್ತಿದ್ದವು. ನಂತರ ಮೊಬೈಲ್ ಬಂತು. ರೀಚಾರ್ಜ್ ಅಂಗಡಿಯವನು ನಿಮ್ಮ ಮೆಮೊರಿ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಹತ್ತೋ ಇಪ್ಪತ್ತೋ ರೂಪಾಯಿಗೆ ಹಾಡು ತುಂಬಿಸಿ ಕೊಡುತ್ತಿದ್ದ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಇದು ತಪ್ಪೆಂದು ಅನ್ನಿಸುತ್ತಿರಲಿಲ್ಲ. ಆ ಹತ್ತು ರೂಪಾಯಿಯಲ್ಲಿ ಹಾಡು ಬರೆದವನಿಗೂ, ಹಾಡಿದವನಿಗೂ ಒಂದು ಪೈಸೆ ಸೇರುತ್ತಿರಲಿಲ್ಲ.

ಕಾನೂನು ನಿಧಾನವಾಗಿ ಹಿಂದೆ ಬಂತು. 2012ರ ಮಾರ್ಚ್ ತಿಂಗಳಲ್ಲಿ ಕಲ್ಕತ್ತಾ ಹೈಕೋರ್ಟಿನ ಆದೇಶದಂತೆ ಅಕ್ರಮವಾಗಿ ಹಾಡು ಹಂಚುತ್ತಿದ್ದ 104 ತಾಣಗಳನ್ನು ಮುಚ್ಚಿಸುವ ಕ್ರಮ ನಡೆಯಿತು. ಕರ್ನಾಟಕದಲ್ಲಿ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿಯಾಗಿ, ವ್ಯಾಪಾರಕ್ಕಾಗಿ ಹಾಡು, ಸಿನಿಮಾ, ಸಾಫ್ಟ್‌ವೇರ್‌ಗಳ ನಕಲು ಮಾಡುವವರನ್ನೂ 'ಡಿಜಿಟಲ್ ಅಪರಾಧಿ'ಗಳೆಂದು ಅದರ ವ್ಯಾಪ್ತಿಗೆ ಸೇರಿಸಲಾಯಿತು. ಮುನ್ನೆಚ್ಚರಿಕೆಯಾಗಿ ಬಂಧನದಲ್ಲಿಡುವ ಅಧಿಕಾರ ಈ ಕಾಯ್ದೆಯಲ್ಲಿದೆ ಎಂಬುದನ್ನು ವ್ಯಾಪಾರಕ್ಕೆ ಇಳಿಯುವ ಯುವಕರು ನೆನಪಿಡಬೇಕು.

ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲೇ ಬಂದ ತಿದ್ದುಪಡಿ. ಅದುವರೆಗೆ ಸಿನಿಮಾ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಸಾಮಾನ್ಯವಾಗಿ ಒಂದೇ ಸಲ ಒಂದು ಮೊತ್ತ ಕೊಟ್ಟು, ಎಲ್ಲ ಹಕ್ಕುಗಳನ್ನೂ ಬರೆಸಿಕೊಳ್ಳುತ್ತಿದ್ದರು. ಹಾಡು ಎಷ್ಟು ವರ್ಷ ಎಷ್ಟು ಹಣ ತಂದರೂ ಅವರಿಗೆ ಮತ್ತೆ ಏನೂ ಇಲ್ಲ. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯ ಒಳಗೂ ಹೊರಗೂ ಇದರ ವಿರುದ್ಧ ದನಿಯೆತ್ತಿದರು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬರಹಗಾರ, ಸಂಗೀತಗಾರ ಯಾರಿಗೂ ಬಿಟ್ಟುಕೊಡುವಂತಿಲ್ಲ, ಅದು ಅವನಿಗೆ ಅಥವಾ ಅವನ ವಾರಸುದಾರರಿಗೇ ಸಲ್ಲಬೇಕು ಎಂದು ಕಾನೂನಾಯಿತು. ನೋಡಿ, ಫುಟ್‌ಪಾತಿನವನು ಮಾತ್ರವಲ್ಲ, ಕೋಟು ಹಾಕಿಕೊಂಡು ಕರಾರು ಬರೆಸಿಕೊಂಡವನೂ ಕಲಾವಿದನ ಪಾಲನ್ನು ನುಂಗಬಲ್ಲ.

ಈಗಿನ ಸ್ಥಿತಿ

ಸ್ವೀಡನ್ನಿನ ಸ್ಪಾಟಿಫೈ 2008ರಲ್ಲಿ ಸೇವೆ ಆರಂಭಿಸಿತು. ಹಾಡನ್ನು ಕೊಳ್ಳುವುದಲ್ಲ, ತಿಂಗಳ ಚಂದಾ ಕೊಟ್ಟು ಅಥವಾ ಜಾಹೀರಾತು ಸಹಿಸಿಕೊಂಡು ಕೇಳುವುದು. ನಮ್ಮಲ್ಲಿ 2016ರ ನಂತರ ಮೊಬೈಲ್ ಇಂಟರ್ನೆಟ್ ಅಗ್ಗವಾದ ಮೇಲೆ ಮೆಮೊರಿ ಕಾರ್ಡಿನ ಅಂಗಡಿಗಳು ತಾವಾಗಿಯೇ ಮಾಯವಾದವು. ಮೊಕದ್ದಮೆಗಳಿಂದ ಆಗದ ಕೆಲಸ ಸುಲಭ ಸೇವೆಯಿಂದ ಆಯಿತು. ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯ 2014ರಲ್ಲಿ ತಳ ಮುಟ್ಟಿದ್ದು, 2024ರಲ್ಲಿ 2,960 ಕೋಟಿ ಡಾಲರಿಗೆ ಏರಿತು. ಅದರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಇಂತಹ ಸೇವೆಗಳಿಂದಲೇ ಬಂದದ್ದು. ಆದರೆ ಹಣದ ಬೆಲೆ ಇಳಿದಿರುವುದನ್ನು ಲೆಕ್ಕ ಹಾಕಿದರೆ ಅಮೆರಿಕದ ಉದ್ದಿಮೆ 1999ರ ಎತ್ತರವನ್ನು ಇನ್ನೂ ಮುಟ್ಟಿಲ್ಲ.

ಕಲಾವಿದರಿಗೆ ಇದರಿಂದ ನ್ಯಾಯ ಸಿಕ್ಕಿದೆಯೇ? ಪೂರ್ತಿ ಇಲ್ಲ. ಬಂದ ಹಣವನ್ನೆಲ್ಲ ಒಂದೇ ಹುಂಡಿಗೆ ಹಾಕಿ, ಯಾರ ಹಾಡು ಒಟ್ಟು ಎಷ್ಟು ಬಾರಿ ಕೇಳಲ್ಪಟ್ಟಿತೋ ಆ ಪ್ರಮಾಣದಲ್ಲಿ ಹಂಚುವುದು ಸಾಮಾನ್ಯ ಪದ್ಧತಿ. ನೀವು ಕೊಟ್ಟ ಚಂದಾ ನೀವು ಕೇಳಿದ ಹಾಡುಗಾರನಿಗೇ ಹೋಗುತ್ತದೆಂದು ಹೇಳುವಂತಿಲ್ಲ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಹಣವನ್ನೇ ಕೊಡುವುದಿಲ್ಲ ಎಂಬ ನಿಯಮ ತಂದಿದೆ. ಸಣ್ಣ ಭಾಷೆಯ ಹಾಡುಗಾರನಿಗೆ ಇದರ ಅರ್ಥವೇನೆಂದು ನೀವೇ ಯೋಚಿಸಿ.

ಆ ಹುಡುಗನಿಗೆ ಉತ್ತರ

ಇನ್ನು ಮೊದಲಿನ ಪ್ರಶ್ನೆಗೆ ಬರುತ್ತೇನೆ. ಯಾರಿಗೆ ಏನು ನಷ್ಟ?

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಕಡೆ ಒಬ್ಬ ಹಾಡುಗಾರರಿದ್ದರು. ಮದುವೆ ಮನೆಗಳಲ್ಲಿ ಬ್ಯಾರಿ ಹಾಡು ಹೇಳುತ್ತಿದ್ದರು. ಹಗಲು ಮೀನಿನ ವ್ಯಾಪಾರ. ಒಳ್ಳೆಯ ಕಂಠ, ಹಾಡನ್ನು ಅವರೇ ಕಟ್ಟುತ್ತಿದ್ದರು. ನಾಲ್ಕು ಜನರ ಒತ್ತಾಯಕ್ಕೆ ಸಾಲ ಮಾಡಿ ಒಂದು ಕ್ಯಾಸೆಟ್ ಮಾಡಿಸಿದರು. ಒಂದು ಸಾವಿರ ಪ್ರತಿ. ನನ್ನ ಅಣ್ಣ ಗಲ್ಫಿನಿಂದ ತಂದ ಡಬಲ್ ಡೆಕ್ ನಮ್ಮ ಮನೆಯಲ್ಲಿತ್ತು. ಒಂದು ಕ್ಯಾಸೆಟ್ ಕೊಂಡು ಏಳು ಮಂದಿ ಗೆಳೆಯರಿಗೆ ನಾನೇ ನಕಲು ಮಾಡಿಕೊಟ್ಟೆ. ಪ್ರೀತಿಯಿಂದಲೇ ಮಾಡಿದ್ದು, ಒಂದು ರೂಪಾಯಿ ತೆಗೆದುಕೊಂಡಿಲ್ಲ. ನಮ್ಮ ಊರಿನಲ್ಲಿ ಡಬಲ್ ಡೆಕ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರವಲ್ಲ. ಎಲ್ಲ ಮದುವೆಗಳಲ್ಲೂ ಅವರ ಹಾಡು ಕೇಳಿಸುತ್ತಿತ್ತು, ಆದರೆ ಅರ್ಧಕ್ಕಿಂತ ಹೆಚ್ಚು ಕ್ಯಾಸೆಟ್ಟುಗಳು ಅವರ ಮನೆಯ ಅಟ್ಟದಲ್ಲಿ ಉಳಿದವು.

ಕೆಲವು ವರ್ಷಗಳ ನಂತರ ಒಂದು ಮದುವೆಯಲ್ಲಿ ಸಿಕ್ಕಾಗ, "ಕಾಕ, ಇನ್ನೊಂದು ಕ್ಯಾಸೆಟ್ ಯಾವಾಗ?" ಎಂದು ಕೇಳಿದೆ. ಅವರು ನಕ್ಕು, "ಹಾಡು ಇದೆ ಮೋನೇ, ಎರಡು ಪುಸ್ತಕ ತುಂಬ ಇದೆ. ಮೊದಲನೆಯದರ ಸಾಲ ಈ ವರ್ಷ ತೀರಿತು" ಎಂದರು. ಅವರು ತೀರಿಕೊಂಡು ಈಗ ಹಲವು ವರ್ಷಗಳಾದವು. ಆ ಎರಡು ಪುಸ್ತಕಗಳು ಏನಾದವೆಂದು ಮನೆಯವರಿಗೂ ಗೊತ್ತಿಲ್ಲ.

ಆದ್ದರಿಂದ ಆ ಹುಡುಗನಿಗೆ ನನ್ನ ಉತ್ತರ ಇದು: ನೀನು ಹೇಳಿದ್ದು ಸರಿ, ನಕಲು ಮಾಡಿದ ಹಾಡು ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಮುಂದಿನ ಹಾಡು. ಅದು ಹುಟ್ಟುವುದೇ ಇಲ್ಲವಾದ್ದರಿಂದ ಕಳೆದುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡ ಕಂಪೆನಿ ತಡೆದುಕೊಂಡೀತು. ಮೀನು ಮಾರುವವನು ತಡೆದುಕೊಳ್ಳಲಾರ.

ನಮ್ಮ ಧರ್ಮ ಇದನ್ನು ಹೇಗೆ ನೋಡುತ್ತದೆ? ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ತಾಕೀತು ಮದ್ರಸದ ಮಕ್ಕಳಿಗೂ ಗೊತ್ತು. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲು ಪವಿತ್ರ ಕುರ್‌ಆನಿನಲ್ಲಿ ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ಕೈಗೆ ಸಿಗದ, ಕಣ್ಣಿಗೆ ಕಾಣದ ಹಕ್ಕನ್ನು ಸೊತ್ತು ಎನ್ನಬಹುದೇ ಎಂಬ ಬಗ್ಗೆ ಹಿಂದೆ ಕೆಲವು ವಿದ್ವಾಂಸರಿಗೆ ಸಂದೇಹವಿತ್ತು. ಆದರೆ 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಲೇಖಕರ ಮತ್ತು ಸಂಶೋಧಕರ ಹಕ್ಕುಗಳಿಗೆ ಆರ್ಥಿಕ ಮೌಲ್ಯವಿದೆ, ಶರೀಅತ್ ಅವುಗಳನ್ನು ಕಾಪಾಡುತ್ತದೆ, ಅವುಗಳನ್ನು ಅತಿಕ್ರಮಿಸಬಾರದು ಎಂದು ನಿರ್ಣಯ ಮಾಡಿತು. ಎಂಪಿ3 ಎಂಬ ಹೆಸರು ಹುಟ್ಟುವುದಕ್ಕೂ ಏಳು ವರ್ಷ ಮೊದಲು!

ಹಾಗೆಂದು ಎಲ್ಲ ನಕಲೂ ಕಳ್ಳತನವಲ್ಲ. ವೈಯಕ್ತಿಕ ಅಧ್ಯಯನಕ್ಕೆ, ಬೋಧನೆಗೆ ಕೃತಿಗಳನ್ನು ನ್ಯಾಯವಾದ ಮಿತಿಯಲ್ಲಿ ಬಳಸಲು ನಮ್ಮ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ದಿಲ್ಲಿ ವಿಶ್ವವಿದ್ಯಾನಿಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದಿಲ್ಲಿ ಹೈಕೋರ್ಟು 2016ರಲ್ಲಿ ವಿದ್ಯಾರ್ಥಿಗಳ ಪರವಾಗಿ ತೀರ್ಪು ಕೊಟ್ಟಿತು. ಕಾನೂನು ಬಡ ವಿದ್ಯಾರ್ಥಿಯ ಶತ್ರುವಲ್ಲ. ಅದರ ಗೆರೆ ಎಲ್ಲಿದೆ ಎಂದು ತಿಳಿದುಕೊಳ್ಳುವುದು ವಿದ್ಯಾವಂತನ ಕರ್ತವ್ಯ.

ಕೊನೆಯದಾಗಿ ಮೂರು ಸಲಹೆ. ಒಂದು, ಉಚಿತವಾಗಿ, ನ್ಯಾಯವಾಗಿ ಸಿಗುವುದನ್ನು ಹುಡುಕಿ. ಲಿನಕ್ಸ್, ಲಿಬ್ರೆಆಫೀಸ್ ಮುಂತಾದವುಗಳನ್ನು ಮಾಡಿದವರೇ ಹಂಚಲು ಒಪ್ಪಿಗೆ ಕೊಟ್ಟಿದ್ದಾರೆ. ನಮ್ಮ ಕಂಪ್ಯೂಟರ್ ಕೇಂದ್ರದಲ್ಲೂ ಒಂದು ಕಾಲದಲ್ಲಿ ಯಾರೋ ಕೊಟ್ಟ ನಕಲಿ ಸಿ.ಡಿ.ಯೇ ಆಧಾರವಾಗಿತ್ತು. ಅದನ್ನು ತೆಗೆದು ಇವುಗಳನ್ನು ಹಾಕಿದ ಮೇಲೆ ಪಾಠವೇನೂ ನಿಂತಿಲ್ಲ. ಎರಡು, ಊರಿನ ಹಾಡುಗಾರ, ಬರಹಗಾರ ಏನಾದರೂ ಹೊರತಂದರೆ ಅದನ್ನು ಹಣ ಕೊಟ್ಟು ಕೊಳ್ಳಿ. ಗೌರವ ಪ್ರತಿ ಕೇಳಬೇಡಿ. ಮೂರು, ನಾಳೆ ನಿಮ್ಮಲ್ಲೇ ಯಾರೋ ಒಬ್ಬರು ತಂತ್ರಾಂಶ ಬರೆಯುತ್ತೀರಿ, ಪುಸ್ತಕ ಬರೆಯುತ್ತೀರಿ. ಆಗ ಇತರರು ನಿಮ್ಮ ದುಡಿಮೆಯನ್ನು ಹೇಗೆ ಕಾಣಬೇಕೆಂದು ಬಯಸುವಿರೋ ಹಾಗೆ ಇಂದು ಇತರರ ದುಡಿಮೆಯನ್ನು ಕಾಣಿರಿ.

ನನ್ನ ಏಳು ನಕಲುಗಳ ಲೆಕ್ಕವನ್ನು ಆ ಕಾಕನಿಗೆ ತೀರಿಸಲು ನನ್ನಿಂದ ಇನ್ನು ಸಾಧ್ಯವಿಲ್ಲ. ನಿಮಗೆ ಸಮಯವಿದೆ. ಅಲ್ಲಾಹನು ನಮ್ಮೆಲ್ಲರಿಗೂ ಇತರರ ಹಕ್ಕನ್ನು ಅರಿತು ನಡೆಯುವ ಸದ್ಬುದ್ಧಿಯನ್ನು ಕರುಣಿಸಲಿ, ಆಮೀನ್.